ಯಾವ ಆಮೆ ಎಂದು ತಿಳಿದ ಮೇಲೆ



ಮನೆಯಲ್ಲಿ ಸಾಕಿದ ಆಮೆ ಬೇಡವೆನಿಸಿದಾಗ, ಯಾರೋ ಬಿಟ್ಟುಹೋದ ಆಮೆ ಕೈಗೆ ಸಿಕ್ಕಾಗ, ಮೆಟ್ಟುಪಾಳ್ಯದಂಥ ಊರಿನಲ್ಲಿ ಥಟ್ಟನೆ ನೆನಪಾಗುವುದು ಭವಾನಿ ಹೊಳೆ. ನೀರಿಗೆ ಬಿಟ್ಟರೆ ಹೇಗೋ ಬದುಕಿಕೊಳ್ಳುತ್ತದೆ ಎಂಬ ಕರುಣೆ ಅದು. ಆದರೆ ಜಾತಿ ತಿಳಿಯದೆ ಬಿಟ್ಟರೆ ಆಮೆಗೋ ಹೊಳೆಗೋ ಕೇಡು ತಪ್ಪಿದ್ದಲ್ಲ.

ಬಣ್ಣಕ್ಕಿಂತ ಮೊದಲು ಕಾಲು ನೋಡಿ. ಆನೆಯ ಕಾಲಿನಂತೆ ದಪ್ಪಗೆ ಕಂಬದ ಹಾಗಿದ್ದು, ಬೆರಳುಗಳ ನಡುವೆ ಪೊರೆ ಇಲ್ಲದಿದ್ದರೆ ಅದು ನೆಲದಾಮೆ. ಕಪ್ಪು ಚಿಪ್ಪಿನ ಉಬ್ಬುಗಳಿಂದ ಹಳದಿ ಗೆರೆಗಳು ಸುತ್ತಲೂ ಹರಡಿದ್ದರೆ ನಕ್ಷತ್ರ ಆಮೆ. ಒಣ ಕುರುಚಲು ಕಾಡಿನಲ್ಲಿ ಬಾಳುವ ಈ ಜೀವ ಹೊಳೆಯಲ್ಲಿ ಮುಳುಗಿ ಸಾಯುತ್ತದೆ.

ಕಾಲಿನಲ್ಲಿ ಪೊರೆ ಇದ್ದರೆ ಚಿಪ್ಪನ್ನು ಗಮನಿಸಿ. ತೊಗಲಿನಂತೆ ನುಣುಪಾಗಿದ್ದು, ಹಿಂಗಾಲು ಒಳಗೆಳೆದುಕೊಂಡಾಗ ಹೊಟ್ಟೆಯ ಕಡೆಯಿಂದ ಎರಡು ಮಡಿಕೆಗಳು ಬಾಗಿಲಿನಂತೆ ಮುಚ್ಚಿಕೊಂಡರೆ ಅದು ನಮ್ಮ ಕೆರೆ, ಗದ್ದೆಗಳ ಮೃದುಚಿಪ್ಪಿನ ಆಮೆ. ಗಟ್ಟಿ ಕಪ್ಪು ಚಿಪ್ಪಿನ ಉದ್ದಕ್ಕೂ ಮೂರು ಏಣುಗಳಿದ್ದರೆ ಅದು ಕಪ್ಪು ಕೆರೆಯಾಮೆ. ಇದೂ ನಮ್ಮ ನೆಲದ್ದೇ.

ಕಣ್ಣಿನ ಹಿಂದೆ ಕೆಂಪು ಪಟ್ಟೆ ಇದ್ದರೆ ಅದು ಅಮೆರಿಕದ ಮಿಸಿಸಿಪಿ ನದಿ ಸೀಮೆಯ ಕೆಂಪುಕಿವಿ ಆಮೆ. ಅಂಗಡಿಯಲ್ಲಿ ನಾಣ್ಯದಷ್ಟು ಪುಟ್ಟ ಹಸಿರು ಮರಿಯಾಗಿ ಸಿಗುವ ಇದು ಬೆಳೆದು ತೊಟ್ಟಿಯನ್ನು ಮೀರುತ್ತದೆ. ಮುದಿ ಗಂಡುಗಳು ಕಪ್ಪಾಗಿ, ಕೆಂಪು ಪಟ್ಟೆಯೂ ಮಾಸುತ್ತದೆ. ಹಾಗಾಗಿ ಹೊಟ್ಟೆಯನ್ನೂ ನೋಡಬೇಕು. ಹಳದಿಯ ಮೇಲೆ ಕಪ್ಪು ಮಚ್ಚೆಗಳಿರುತ್ತವೆ. ಜಗತ್ತಿನ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಹೊಳೆಗಿಳಿದರೆ ಊರಿನ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿಗೆ ನಿಲ್ಲುತ್ತದೆ.

ಹಾಗಾದರೆ ನಮ್ಮದೇ ಆಮೆಯನ್ನು ನಾವೇ ಬಿಡಬಹುದೇ? ಅದೂ ಸಲ್ಲದು. ಸಾಕಿದ ಪ್ರಾಣಿ ರೋಗ ಹೊತ್ತು ಹೋಗಬಹುದು. ನಕ್ಷತ್ರ ಆಮೆಗಳು ವಾಯವ್ಯ ಭಾರತ, ದಕ್ಷಿಣ ಭಾರತ, ಶ್ರೀಲಂಕಾಗಳಲ್ಲಿ ಬೇರೆ ಬೇರೆಯಾಗಿ ನೆಲೆಸಿವೆ. ಸಿಕ್ಕ ಆಮೆ ಯಾವ ಸೀಮೆಯದೆಂದು ತಿಳಿದೇ ಅದನ್ನು ಕಾಡಿಗೆ ಮರಳಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ತಡೆ ಬಿತ್ತು.

ಆದ್ದರಿಂದ ಆಮೆ ಸಿಕ್ಕರೆ ಬೆನ್ನು, ಹೊಟ್ಟೆ, ತಲೆಯ ಪಕ್ಕ, ಕಾಲು, ಈ ನಾಲ್ಕರ ಫೋಟೋ ತೆಗೆಯಿರಿ. ಗಾಳಿಯಾಡುವ, ನೀರಿಲ್ಲದ ಪೆಟ್ಟಿಗೆಯಲ್ಲಿಟ್ಟು, ಸೋಪಿನಿಂದ ಕೈ ತೊಳೆದು, ಅರಣ್ಯ ಇಲಾಖೆಗೆ ತಿಳಿಸಿ. ಹೊಳೆಗೆ ಹೋಗಬೇಕೋ, ಕಾಡಿಗೋ, ರಕ್ಷಣಾ ಕೇಂದ್ರಕ್ಕೋ ಎಂಬುದನ್ನು ಆಮೆಯ ಜಾತಿ ತೀರ್ಮಾನಿಸಲಿ, ನಮ್ಮ ಅವಸರವಲ್ಲ.