ವಿದ್ಯಾರ್ಥಿಗಳಿಗೆ ಅರಸುವ ವಿದ್ಯೆ



ಜ್ಞಾನವು ಒಂದೆಡೆ ಸಂಗ್ರಹವಾಗಿದ್ದ ಮಾತ್ರಕ್ಕೆ ಲೋಕಕ್ಕೆ ಉಪಯೋಗವಾಗುವುದಿಲ್ಲ. ಅದನ್ನು ಅರಸಿ ಗುರುತಿಸುವವರು ಬೇಕು. ಇದಕ್ಕೆ ಈ ಮೈಸೂರು ನಗರವೇ ಸಾಕ್ಷಿ. 1891ರಲ್ಲಿ ಇಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯೊಂದು ಸೇರಿಕೊಂಡಿದ್ದಿತು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, ಪರಿಶೀಲಿಸಿ, 1909ರಲ್ಲಿ ಅಚ್ಚು ಹಾಕಿಸಿದ ಮೇಲಲ್ಲವೇ ಲೋಕದ ವಿದ್ವಾಂಸರು ಅದನ್ನು ಓದಿದುದು? ಗರಿಗಳು ಎಲ್ಲರ ಕಣ್ಣಿಗೂ ಒಂದೇ ಆಗಿದ್ದುವು. ಅವುಗಳಲ್ಲಿ ಏನಿದೆಯೆಂದು ಕಂಡ ಕಣ್ಣು ಮಾತ್ರ ಬೇರೆಯಾಗಿದ್ದಿತು.

ಇಂದು ಅದಕ್ಕಿಂತ ಎಷ್ಟೋ ಮಡಿ ದೊಡ್ಡದಾದ ರಾಶಿಯು ಅಂತರ್ಜಾಲದ ಮೂಲಕ ವಿದ್ಯಾರ್ಥಿಯ ಅಂಗೈಗೆ ಬಂದಿರುವುದು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಮೊದಲ ಸಂಪುಟವನ್ನು ಹೊರತಂದ ಕನ್ನಡ ವಿಶ್ವಕೋಶವು 2014ರಲ್ಲಿ ಮುಕ್ತ ಪರವಾನಗಿಗೆ ಒಳಪಟ್ಟು, ಅದರ ಲೇಖನಗಳನ್ನು ಯಾರು ಬೇಕಾದರೂ ಓದಿ ಬಳಸಬಹುದಾಯಿತು. ದೊಡ್ಡ ಗ್ರಂಥಗಳನ್ನು ಕೊಳ್ಳಲಾರದ ಬಡ ಬಾಲಕನಿಗೆ ಇದಕ್ಕಿಂತ ಮಿಗಿಲಾದ ಉಪಕಾರವುಂಟೇ? ಆದರೆ ದೊರೆಯುವುದೇ ಬೇರೆ, ತಿಳಿಯುವುದೇ ಬೇರೆ. ಈ ಎರಡರ ನಡುವಣ ಹಾದಿಯನ್ನು ತೋರಿಸತಕ್ಕವನು ಉಪಾಧ್ಯಾಯನು.

ಮೊದಲನೆಯದಾಗಿ, ಅರಸುವ ಪದವನ್ನು ಆರಿಸಲು ಕಲಿಸಬೇಕು. ಈ ನಗರದ ಹೆಸರನ್ನೇ ನೋಡಿರಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಇದನ್ನು ‘ಮೈಸೂರು’ ಎಂದೇ ಬರೆಯಬೇಕೆಂದಾಯಿತು. ಅದಕ್ಕೆ ಹಿಂದಿನ ಇಂಗ್ಲಿಷ್ ಬರಹಗಳಲ್ಲಿರುವುದು ‘ಮೈಸೋರ್’ ಎಂಬ ರೂಪ. ಹೊಸ ಹೆಸರನ್ನಷ್ಟೇ ಬರೆದು ಹುಡುಕುವವನಿಗೆ ಹಳೆಯ ಪುಟಗಳೆಷ್ಟೋ ಕಾಣದೆ ಹೋಗಬಹುದು. ಅದಲ್ಲದೆ, 1973ರ ನವೆಂಬರ್ 1ರವರೆಗೆ ನಮ್ಮ ರಾಜ್ಯಕ್ಕೂ ಮೈಸೂರೆಂಬುದೇ ಹೆಸರಾಗಿದ್ದಿತು. ಹಳೆಯ ಬರಹದಲ್ಲಿ ಆ ಹೆಸರು ಕಂಡರೆ ಅದು ನಗರವೋ, ಜಿಲ್ಲೆಯೋ, ರಾಜ್ಯವೋ ಎಂದು ವಿಚಾರಿಸಿಕೊಳ್ಳದವನು ಒಂದರ ಲೆಕ್ಕವನ್ನು ಮತ್ತೊಂದಕ್ಕೆ ಹಚ್ಚುವನು.

ಎರಡನೆಯದಾಗಿ, ಕಂಡ ಮಾತಿನ ಮೂಲವನ್ನು ಕೇಳಲು ಕಲಿಸಬೇಕು. ಬರೆದವರಾರು? ಎಂದು ಬರೆದರು? ಯಾವ ಆಧಾರದ ಮೇಲೆ? ಈಗಿನ ಶೋಧಕಯಂತ್ರಗಳು ಪುಟಗಳನ್ನು ತೋರುವುದಲ್ಲದೆ ತಾವೇ ಉತ್ತರವನ್ನೂ ಹೆಣೆದು ಕೊಡುವುವು. ಆ ಉತ್ತರದ ಮಾತು ಸೊಗಸಾಗಿದ್ದರೂ ಸಂಗತಿ ತಪ್ಪಾಗಿರಬಹುದು. ವಿಶ್ವಕೋಶದಂತಹ ಪ್ರಮಾಣಗ್ರಂಥದಲ್ಲಿಯೂ ಜನಸಂಖ್ಯೆಯೇ ಮೊದಲಾದುವು ಆ ಸಂಪುಟವು ಅಚ್ಚಾದ ಕಾಲಕ್ಕೆ ಸಲ್ಲತಕ್ಕವು.

ಮೂಲವನ್ನು ಕೇಳುವ ಈ ಪದ್ಧತಿಯು ಶರಣಸಾಹಿತ್ಯವನ್ನು ಓದುವವರಿಗೆ ಹೊಸದೇನೂ ಅಲ್ಲ. ಕೂಡಲಸಂಗಮದೇವನೆಂಬ ಅಂಕಿತದಿಂದ ಬಸವಣ್ಣನವರ ವಚನವನ್ನೂ, ಗುಹೇಶ್ವರನೆಂಬುದರಿಂದ ಅಲ್ಲಮಪ್ರಭುಗಳ ವಚನವನ್ನೂ ಗುರುತಿಸುವರು. ಆದರೆ ಅಂಕಿತವನ್ನು ಯಾರು ಬೇಕಾದರೂ ಬರೆದು ಸೇರಿಸಬಹುದು. ಆದುದರಿಂದ ಮೊಬೈಲಿನಲ್ಲಿ ಶರಣರ ಹೆಸರು ಹೊತ್ತು ಬಂದ ಸಾಲನ್ನು ಸಮಗ್ರ ವಚನ ಸಂಪುಟಗಳೊಡನೆ ಒಪ್ಪಿಟ್ಟು ನೋಡಿದ ಮೇಲೆಯೇ ನಂಬತಕ್ಕದ್ದು. ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಬಹು ಕಷ್ಟದಿಂದ ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಅಷ್ಟು ಶ್ರಮದಿಂದ ಉಳಿದು ಬಂದ ಮಾತಿನೊಡನೆ ಹುಸಿ ಮಾತನ್ನು ಬೆರೆಸಿ ಹರಡುವುದು ಎಂತಹ ಕೃತಘ್ನತೆ!

ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಾಗಿಲ್ಲ. ವಿದ್ಯಾರ್ಥಿನಿಲಯದಲ್ಲಿ ವಾರಕ್ಕೊಂದು ಗಂಟೆ, ಜೊತೆಗೆ ಕುಳಿತುಕೊಳ್ಳುವ ಒಬ್ಬ ಉಪಾಧ್ಯಾಯ, ಒಂದು ನೋಟುಪುಸ್ತಕ, ಇಷ್ಟಿದ್ದರೆ ಸಾಕು. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು ಎಂದು ಎಂಬ ಸುಲಭ ಪ್ರಶ್ನೆಯನ್ನೇ ಕೊಡಲಿ. ವಿದ್ಯಾರ್ಥಿಯು 1916ರ ಜುಲೈ 27 ಎಂದು ಬರೆದರೆ ಸಾಲದು. ಯಾವ ಪದಗಳಿಂದ ಹುಡುಕಿದನು, ಯಾವ ಎರಡು ಕಡೆ ಕಂಡನು, ಅವೆರಡರಲ್ಲಿ ಒಂದು ಇನ್ನೊಂದರ ನಕಲೇ ಅಲ್ಲವೇ ಎಂಬುದನ್ನೂ ಬರೆಯಲಿ. ಉತ್ತರವು ಮರೆತುಹೋದರೂ ಈ ಅಭ್ಯಾಸವು ಉಳಿಯುವುದು.

ಮಠಗಳು ಅನ್ನವನ್ನೂ ಅಕ್ಷರವನ್ನೂ ನೀಡುತ್ತ ಬಂದಿರುವುವು. ಅಕ್ಷರ ಬಲ್ಲವನು ಹುಸಿಗೆ ತಲೆದೂಗದಂತೆ ಮಾಡುವ ಈ ವಿದ್ಯೆಯೂ ಆ ದಾಸೋಹದಲ್ಲಿ ಸೇರಲಿ.