ಒಂದು ನಿಮಿಷದಲ್ಲಿ ಎಷ್ಟು ಪದ?

ಗಡಿಯಾರ ನೋಡಿಕೊಂಡು ಒಂದು ನಿಮಿಷ 'ಪ' ಅಕ್ಷರದ ಪದಗಳನ್ನು ಹೇಳುತ್ತಾ ಹೋಗಿ. ಪಟ, ಪಲ್ಯ, ಪರದೆ, ಪಡಸಾಲೆ... ಪರಮೇಶ, ಪಣಂಬೂರು ಅಂತ ಹೆಸರು ಸೇರಿಸುವ ಹಾಗಿಲ್ಲ. ಪಟ ಅಂದಮೇಲೆ ಪಟಗಳು ಅಂದರೆ ಲೆಕ್ಕಕ್ಕಿಲ್ಲ. ಮೊದಲ ಹದಿನೈದು ಸೆಕೆಂಡು ಪದಗಳು ನುಗ್ಗಿ ಬರುತ್ತವೆ, ಆಮೇಲೆ ತಡವರಿಕೆ. ಗಾಬರಿ ಬೇಡ, ಎಲ್ಲರಿಗೂ ಹೀಗೇ.

ಇದು ಮಿದುಳಿನ ಕೆಲಸವನ್ನು ಅಳೆಯುವ ಹಳೆಯ ಪರೀಕ್ಷೆ. ಇಂಗ್ಲಿಷಿನಲ್ಲಿ ಎಫ್, ಎ, ಎಸ್ ಅಕ್ಷರಗಳನ್ನು ಕೊಡುತ್ತಾರೆ. ನಮ್ಮ ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾಮಾಲೆಯಲ್ಲಿ ಕ, ಪ, ಮ ಇವೆ. ಜೊತೆಗೆ ಪ್ರಾಣಿಗಳ ಹೆಸರು ಹೇಳಿಸುವುದೂ ಉಂಟು. ಆಲ್‌ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಅಕ್ಷರದ ಪದಗಳಿಗಿಂತ ಪ್ರಾಣಿಗಳ ಹೆಸರೇ ಹೆಚ್ಚು ಕೈಕೊಡುತ್ತವೆ.

ಇದೇ ಪರೀಕ್ಷೆಗೆ ಇನ್ನೊಂದು ಕೆಲಸವನ್ನೂ ಹಚ್ಚಿದ್ದಾರೆ. ಅಮೆರಿಕದಂಥ ಕಡೆ ಅಪಘಾತದ ಪರಿಹಾರದ ಮೊಕದ್ದಮೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಪರೀಕ್ಷೆಗೆ ಕೂತವರು ನಿಜಕ್ಕೂ ಮನಸ್ಸಿಟ್ಟು ಉತ್ತರಿಸಿದರೇ? ಅದಕ್ಕೆಂದೇ ಮಾಡಿದ ಪರೀಕ್ಷೆಗಳಿವೆ. ಒಂದರಲ್ಲಿ 50 ಚಿತ್ರ ತೋರಿಸಿ, ಆಮೇಲೆ ಎರಡೆರಡು ಚಿತ್ರ ಮುಂದಿಟ್ಟು ಯಾವುದನ್ನು ನೋಡಿದ್ದಿರಿ ಎಂದು ಕೇಳುತ್ತಾರೆ. ಕಣ್ಣುಮುಚ್ಚಿ ಬೆರಳಿಟ್ಟರೂ ಸುಮಾರು 25 ಸರಿಯಾಗುತ್ತವೆ. ಬರೀ ಹತ್ತು ಸರಿಯಾದರೆ? ಸರಿಯುತ್ತರ ಗೊತ್ತಿದ್ದೇ ತಪ್ಪಿಸಿದಂತೆ. ಆದರೆ ಇಂಥ ಪರೀಕ್ಷೆಗಳ ಗುಟ್ಟು ಹೊರಬಿದ್ದಿದೆ. ಅದಕ್ಕೇ ಮಾಮೂಲಿ ಪರೀಕ್ಷೆಗಳ ಅಂಕಗಳಲ್ಲೇ ಸುಳಿವು ಹುಡುಕುತ್ತಾರೆ. ತಲೆಗೆ ಸಣ್ಣ ಪೆಟ್ಟು ಬಿದ್ದು ತಿಂಗಳುಗಳಾಗಿವೆ, ಮಾತು ಸರಾಗವಾಗಿದೆ, ಆದರೂ ನಿಮಿಷಕ್ಕೆ ಮೂರೇ ಪದ ಅಂದರೆ ಅನುಮಾನ ಬರುವುದು ಸಹಜ.

ಅನುಮಾನ ಸರಿ, ತೀರ್ಪು ಸಲ್ಲದು. ಪದ ಹೊರಡಿಸುವ ಶಕ್ತಿಯನ್ನು ಪಾರ್ಶ್ವವಾಯು, ಮರೆವಿನ ಕಾಯಿಲೆ, ಖಿನ್ನತೆ ನಿಜವಾಗಿಯೇ ಕುಗ್ಗಿಸುತ್ತವೆ. ಪ್ರಾಮಾಣಿಕ ರೋಗಿಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಸಿಕ್ಕಿಬೀಳದಂತೆ ಅಂಕದ ಗೆರೆ ಎಳೆಯುವುದು ರೂಢಿ. ಅಷ್ಟು ಕೆಳಗೆ ಎಳೆದಾಗ ಬೇಕೆಂದೇ ಕಡಿಮೆ ಹೇಳಿದವರು ಎಷ್ಟೋ ಜನ ತಪ್ಪಿಸಿಕೊಳ್ಳುತ್ತಾರೆ. ಇನ್ನು, ಆ ನೂರು ಮಂದಿ ಯಾರು ಎನ್ನುವುದನ್ನೂ ನೋಡಬೇಡವೇ? ಇಂಗ್ಲಿಷ್ ಮಾತಾಡುವವರಿಗೆ ಎಳೆದ ಗೆರೆಯನ್ನು ಕನ್ನಡದಲ್ಲಿ ಓದಿದವರ ಮೇಲೆ ಹೇರಿದರೆ ಅನ್ಯಾಯ. ಶಾಲೆಯ ಮೆಟ್ಟಿಲು ಹತ್ತದ ಕುರಿಗಾಹಿ 'ಕ'ದ ಪದಕ್ಕೆ ತಬ್ಬಿಬ್ಬಾಗಬಹುದು. ಪ್ರಾಣಿಗಳನ್ನು ಕೇಳಿ ನೋಡಿ, ಟಗರು, ಹೋತ, ತೋಳ, ನರಿ ಎಂದು ಸಾಲು ಹಿಡಿದಾರು.

ಆದ್ದರಿಂದ ಬಲ್ಲ ತಜ್ಞರು ಒಂದೇ ಅಂಕ ಹಿಡಿದು ಯಾರನ್ನೂ ಸುಳ್ಳುಗಾರ ಎನ್ನುವುದಿಲ್ಲ. ಬೇರೆ ಬೇರೆ ಬಗೆಯ ಎರಡು ಮೂರು ಪರೀಕ್ಷೆಗಳು ಒಂದೇ ಮಾತು ಹೇಳುತ್ತವೆಯೇ ನೋಡುತ್ತಾರೆ. ನಿಮ್ಮ ಮನೆಯವರನ್ನು ಇಂಥ ಪರೀಕ್ಷೆಗೆ ಕರೆದೊಯ್ದರೆ ಮನೆಮಾತು ಯಾವುದು, ಎಷ್ಟನೇ ತರಗತಿಯವರೆಗೆ ಓದಿದ್ದಾರೆ, ಯಾವ ಮಾತ್ರೆ ನುಂಗುತ್ತಿದ್ದಾರೆ, ರಾತ್ರಿ ನಿದ್ದೆ ಬಂತೇ ಎಂಬುದನ್ನು ಮೊದಲೇ ತಿಳಿಸಿ.