ಟೀವಿಯಿಂದ ಮೊಬೈಲಿಗೆ: ನೋಡುವುದು ಹೆಚ್ಚಿತು, ಮಾತು ಕಡಿಮೆಯಾಯಿತು



ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲ್ಲೂಕುಗಳ ಸಂಘಗಳಿಂದ ಕೂಲಿ ಬಿಟ್ಟು ಬಂದಿದ್ದೀರಿ. ಮನೆಮನೆಗೆ ಬಂದಿರುವ ಮೊಬೈಲ್ ವಿಡಿಯೋ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಾನು ಮೊದಲು ಟೀವಿ ನೋಡಿದ್ದು ಸಣ್ಣ ಹುಡುಗಿಯಾಗಿದ್ದಾಗ. 1975ರ ಆಗಸ್ಟಿನಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಕಾರ್ಯಕ್ರಮ ತೋರಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳನ್ನು. ಊರಿಗೆಲ್ಲ ಒಂದೇ ಟೀವಿ. ಒಕ್ಕಲುತನ, ಆರೋಗ್ಯದ ಮಾತು. ಹೆಂಗಸರು ಹಿಂದೆ ಕೂಡುತ್ತಿದ್ದರು. ಆದರೆ ಮರುದಿನ ಬಾವಿಕಟ್ಟೆಯಲ್ಲಿ ಅದೇ ಚರ್ಚೆ.

ಆಮೇಲೆ ಟೀವಿ ಮನೆಯೊಳಗೆ ಬಂತು, ರಿಮೋಟ್ ಗಂಡಸರ ಕೈಗೆ ಹೋಯಿತು. ಆದರೂ ಧಾರಾವಾಹಿ ಹೊತ್ತಿಗೆ ಅತ್ತೆ, ಸೊಸೆ, ಪಕ್ಕದ ಮನೆಯಾಕೆ ಒಟ್ಟಿಗೆ ಕೂಡುತ್ತಿದ್ದರು. 2016ರಿಂದ ಇಂಟರ್‌ನೆಟ್ ಅಗ್ಗವಾಯಿತು. ಈಗ ಅದೇ ಧಾರಾವಾಹಿ ಮೊಬೈಲಿನಲ್ಲಿ ಬೇಕಾದಾಗ ಸಿಗುತ್ತದೆ, ಒಬ್ಬೊಬ್ಬರೇ ನೋಡುತ್ತೇವೆ. ಟೀವಿ ಎಲ್ಲರಿಗೂ ಒಂದನ್ನೇ ತೋರಿಸುತ್ತಿತ್ತು. ಮೊಬೈಲ್ ನಾವು ಹಿಂದೆ ನೋಡಿದ್ದನ್ನು ಗುರುತಿಟ್ಟು, ಅಂಥದ್ದನ್ನೇ ಮತ್ತೆ ಮತ್ತೆ ತಂದಿಡುತ್ತದೆ. ಒಂದು ಅದ್ದೂರಿ ಮದುವೆ ನೋಡಿದರೆ ಹಿಂದೆಯೇ ಇನ್ನೂ ಹತ್ತು. ಗಂಡಿನ ಕಡೆಯವರು ಅದನ್ನೇ ತೋರಿಸಿ, "ನಮಗೂ ಹಿಂಗ ಮಾಡಿಕೊಡ್ರಿ" ಎನ್ನುತ್ತಾರೆ. 1961ರ ಕಾಯ್ದೆಯಂತೆ ವರದಕ್ಷಿಣೆ ಕೇಳುವುದೇ ಅಪರಾಧ, ಅದನ್ನು ಯಾವ ವಿಡಿಯೋ ತೋರಿಸಿ ಕೇಳಿದರೂ ಅಷ್ಟೇ.

ಹಾಗಂತ ಮೊಬೈಲ್ ಬಿಸಾಡಿ ಎನ್ನುತ್ತಿಲ್ಲ. ಓದು ಬಾರದ ಒಬ್ಬ ತಂಗಿ ನನಗೆ ಹೇಳಿದಳು: "ಅಕ್ಕಾ, ಗಂಡ ಬಡದ್ರ ಅದಕ್ಕೊಂದು ಕಾಯ್ದೆ ಐತಂತ, ಮೊಬೈಲ್‌ನ್ಯಾಗ ನೋಡೀನಿ." 2005ರ ಕೌಟುಂಬಿಕ ಹಿಂಸೆ ಕಾಯ್ದೆಯನ್ನು ಅವಳಿಗೆ ತಿಳಿಸಿದ್ದು ವಿಡಿಯೋ. ಆದರೆ ಮೊಬೈಲ್ ಗಂಡನದು. ಅವಳು ಏನು ನೋಡಿದಳೆಂಬುದು ಅದರಲ್ಲೇ ಉಳಿದಿತ್ತು. ಅಂದು ರಾತ್ರಿ ಅದಕ್ಕೂ ಹೊಡೆತ ಬಿತ್ತು. ಮರುದಿನ ಅವಳ ಬಾಗಿಲಿಗೆ ಹೋಗಿ ನಿಂತದ್ದು ವಿಡಿಯೋ ಅಲ್ಲ, ಸಂಘದ ಹೆಂಗಸರು.

ಆದ್ದರಿಂದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ವಿಡಿಯೋ ಕೂಡಿ ನೋಡಿ. ಆಮೇಲೆ ಮೊಬೈಲ್ ಕೆಳಗಿಟ್ಟು ಮಾತಾಡಿ. ಇದನ್ನು ಹೇಳಿದವರು ಯಾರು? ಇದು ನಿಜವೇ? ನಮ್ಮ ಓಣಿಯಲ್ಲಿ ಹೇಗಿದೆ? ತನ್ನ ಮನೆಯ ಮೊಬೈಲಿನಿಂದ ಕರೆ ಮಾಡಲಾರದ ತಂಗಿಗೆ ನಿಮ್ಮ ಮೊಬೈಲಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿಕೊಡಿ.

ಈಗ ಮನೆಮನೆಗೆ ನಲ್ಲಿ ಬಂದಿದೆ, ಬಾವಿಕಟ್ಟೆ ಬರಿದಾಗಿದೆ. ಆ ಮಾತುಕತೆಗೆ ನಮಗೆ ಉಳಿದಿರುವ ಜಾಗ ಈ ಸಂಘ. ಇದನ್ನು ಬಿಡಬೇಡಿ.